ವಾಷಿಂಗ್ಟನ್ನನೂ ಕೊರಳಪಟ್ಟಿಯ ನಾಯಿಯೂ

ನಮ್ಮ ಮನೆಯಲ್ಲಿ ಮುಧೋಳದ ತಳಿಯ ನಾಯಿಯೊಂದಿದೆ. ಅದು ಮರಿಯಾಗಿದ್ದಾಗ ಪಶುವೈದ್ಯರೊಬ್ಬರು ಅದರ ಎರಡು ಭುಜಗಳ ನಡುವೆ, ಚರ್ಮದ ಕೆಳಗೆ, ಅಕ್ಕಿಕಾಳಿನ ಗಾತ್ರದ ಮೈಕ್ರೋಚಿಪ್ ಒಂದನ್ನು ಸೂಜಿಯಿಂದ ಸೇರಿಸಿ, 15 ಅಂಕಿಗಳ ಸಂಖ್ಯೆಯನ್ನು ಬರೆದ ಕಾಗದವೊಂದನ್ನು ನನ್ನ ಕೈಗೆ ಕೊಟ್ಟರು. ಆ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ನಾನು ಮರೆತುಬಿಟ್ಟೆ. ಈಚೆಗೆ ಒಂದು ಸಂಜೆ ಮನೆಗೆ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನಾಯಿಯ ಬೆನ್ನು ಸವರುತ್ತ, ಈ ಕಾಳು ಇದನ್ನು ಹೇಗೆ ಕಾಯುತ್ತದೆಂದು ಕೇಳಿದನು. ಕಳ್ಳನ ಕೈಯನ್ನು ಅದು ಹಿಡಿಯುವುದಿಲ್ಲ. ಬಂಡಿಯ ಚಕ್ರವನ್ನು ತಡೆಯುವುದಿಲ್ಲ. ನಾಯಿ ಎಲ್ಲಿದೆಯೆಂದು ಕೂಗಿ ಹೇಳುವುದೂ ಇಲ್ಲ. ಹಾಗಾದರೆ ಅದರಿಂದಾಗುವ ಕೆಲಸವಾದರೂ ಏನು? ನಾನು ಒಡನೆಯೇ ಉತ್ತರ ಹೇಳಲಾರದೆ ಹೋದೆ. ಆ ರಾತ್ರಿ ಪ್ರಶ್ನೆಯ ಬೆನ್ನುಹತ್ತಿ ನನ್ನ ನೆನಪಿಗೆ ಬಂದವನು, ಯಾರೂ ನಿರೀಕ್ಷಿಸಲಾರದ ಒಬ್ಬ ಮನುಷ್ಯ: ಅಮೆರಿಕದ ಪ್ರಥಮಾಧ್ಯಕ್ಷ ಜಾರ್ಜ್ ವಾಷಿಂಗ್ಟನ್.

ವಾಷಿಂಗ್ಟನ್ನನನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಚಿತ್ರಗಳಿಂದ ಬಲ್ಲರು. ಒಂದು, ಮಂಜುಗಡ್ಡೆ ತೇಲುವ ನದಿಯನ್ನು ದೋಣಿಯಲ್ಲಿ ದಾಟುತ್ತಿರುವ ಸೇನಾನಿ. ಇನ್ನೊಂದು, ಡಾಲರಿನ ನೋಟಿನ ಮೇಲೆ ತುಟಿ ಬಿಗಿದು ನೋಡುವ ಗಂಭೀರ ಮುಖ. ಈ ಎರಡು ಚಿತ್ರಗಳಲ್ಲಿಯೂ ಮನುಷ್ಯನಿಗಿಂತ ಪ್ರತಿಮೆಯೇ ಹೆಚ್ಚಾಗಿ ಕಾಣುತ್ತದೆ. ಆದರೆ ಅವನ ದಿನಚರಿಗಳನ್ನು ತೆರೆದವರಿಗೆ ಬೇರೊಬ್ಬ ವಾಷಿಂಗ್ಟನ್ನನ ಪರಿಚಯವಾಗುತ್ತದೆ. ಅವನು ರೈತ, ಕುದುರೆ ಸವಾರ, ಎಲ್ಲಕ್ಕಿಂತ ಮಿಗಿಲಾಗಿ ಬೇಟೆನಾಯಿಗಳ ಮೋಹಿ. ಆ ನಾಯಿಗಳ ದಾರಿಯಲ್ಲಿ ಅವನ ಬಾಳನ್ನು ಒಮ್ಮೆ ನಡೆದು ನೋಡಿದರೆ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ದೊರಕುವುದೆಂದು ನನಗನ್ನಿಸಿತು.

ಅವನು ಹುಟ್ಟಿದ್ದು 1732ನೆಯ ಇಸವಿ ಫೆಬ್ರವರಿ 22ರಂದು, ಆಗ ಬ್ರಿಟಿಷರ ವಸಾಹತಾಗಿದ್ದ ವರ್ಜೀನಿಯದಲ್ಲಿ. ಹನ್ನೊಂದು ವರ್ಷದ ಬಾಲಕನಾಗಿದ್ದಾಗ ತಂದೆ ತೀರಿಕೊಂಡನು. ಮಲಅಣ್ಣನಾದ ಲಾರೆನ್ಸನ ಆಶ್ರಯದಲ್ಲಿ ಬೆಳೆದ ಹುಡುಗನಿಗೆ ನೆರೆಯ ಫೇರ್‌ಫ್ಯಾಕ್ಸ್ ಮನೆತನದ ಸ್ನೇಹ ದೊರೆಯಿತು. ಆ ಮನೆಯ ಹಿರಿಯನಾದ ಲಾರ್ಡ್ ಫೇರ್‌ಫ್ಯಾಕ್ಸ್ ಇಂಗ್ಲೆಂಡಿನಿಂದ ಬಂದವನು. ನರಿಬೇಟೆಯೆಂದರೆ ಅವನಿಗೆ ಪ್ರಾಣ. 1748ರಲ್ಲಿ ಅವನ ವಿಶಾಲವಾದ ಭೂಮಿಯನ್ನು ಅಳೆಯಲು ಹೋದ ತಂಡದಲ್ಲಿ ಹದಿನಾರರ ಜಾರ್ಜನೂ ಇದ್ದನು. ಭೂಮಾಪನವನ್ನೂ ಕುದುರೆಯ ಮೇಲೆ ದಿನವಿಡೀ ಕುಳಿತಿರುವ ಶಕ್ತಿಯನ್ನೂ ನಾಯಿಗಳ ಮೇಲಿನ ಪ್ರೀತಿಯನ್ನೂ ಅವನು ಹೆಚ್ಚು ಕಡಮೆ ಒಂದೇ ಕಾಲದಲ್ಲಿ ಸಂಪಾದಿಸಿಕೊಂಡನೆಂದು ಹೇಳಬಹುದು.

ನರಿಬೇಟೆಯ ನಾಯಿಯ ಸ್ವಭಾವವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ. ಮೊಲ ಕಣ್ಣಿಗೆ ಬಿದ್ದರೆ ಬಾಣದಂತೆ ಹಾರುತ್ತದೆ; ಕಣ್ಮರೆಯಾದರೆ ಬಹುಮಟ್ಟಿಗೆ ಅಲ್ಲಿಗೆ ಆಟ ಮುಗಿಯಿತು. ಫಾಕ್ಸ್‌ಹೌಂಡ್ ಎಂಬ ಆ ದೇಶದ ನಾಯಿಯಾದರೋ ಮೂಗಿನಿಂದ ಬೇಟೆಯಾಡುವುದು. ನೆಲದ ಮೇಲೆ ನರಿ ಬಿಟ್ಟುಹೋದ ವಾಸನೆಯ ಎಳೆಯೊಂದನ್ನು ಹಿಡಿದು, ತಲೆ ತಗ್ಗಿಸಿ, ಬೊಗಳುತ್ತ, ಕಾಡು ಹಳ್ಳ ಬೇಲಿಗಳನ್ನು ದಾಟಿ ಮೈಲಿಗಟ್ಟಲೆ ಓಡುತ್ತದೆ. ಒಡೆಯನು ಹಿಂದೆ ಉಳಿದನೇ, ಸಂಜೆಯಾಯಿತೇ, ಎಲ್ಲೆ ದಾಟಿತೇ ಎಂಬ ಯೋಚನೆ ಅದಕ್ಕಿಲ್ಲ. ಆದುದರಿಂದ ದಾರಿ ತಪ್ಪುವುದು ಬೇಟೆನಾಯಿಗೆ ಅಪರೂಪದ ಅಪಘಾತವಲ್ಲ. ಅದರ ಕಸಬಿನಲ್ಲಿಯೇ ಅಡಗಿರುವ ಅಪಾಯ. ತನ್ನ ಗುಣದಿಂದಲೇ ಕಳೆದುಹೋಗುವ ಪ್ರಾಣಿಗೆ, ಅದು ಯಾರದೆಂದು ಹೇಳುವ ಗುರುತೊಂದು ಬೇಕಾಯಿತು. ಅಂದಿನ ಕಾಲದಲ್ಲಿ ಆ ಗುರುತು ಒಡೆಯನ ಹೆಸರನ್ನು ಕೊರೆದ ಕೊರಳಪಟ್ಟಿ.

1759ರಲ್ಲಿ ಮಾರ್ತಾ ಎಂಬ ಶ್ರೀಮಂತ ವಿಧವೆಯನ್ನು ವಿವಾಹವಾದ ಮೇಲೆ ವಾಷಿಂಗ್ಟನ್ ಪೊಟೋಮ್ಯಾಕ್ ನದಿಯ ದಡದ ಮೌಂಟ್ ವೆರ್ನನ್ ಎಂಬ ತನ್ನ ಜಮೀನಿನಲ್ಲಿ ನೆಲೆಸಿದನು. 1768ರಿಂದ ಮುಂದಿನ ಕೆಲವು ವರ್ಷಗಳ ದಿನಚರಿಯಲ್ಲಿ ಚಳಿಗಾಲದ ಪುಟಗಳು ನರಿಬೇಟೆಯ ಮಾತಿನಿಂದ ತುಂಬಿವೆ. ನರಿ ಎಲ್ಲಿ ಎದ್ದಿತು, ಎಷ್ಟು ಹೊತ್ತು ಓಡಿತು, ಸಿಕ್ಕಿತೋ ತಪ್ಪಿಸಿಕೊಂಡಿತೋ, ಇವನ್ನೆಲ್ಲ ಅವನು ಲೆಕ್ಕದ ಪುಸ್ತಕದ ಭಾಷೆಯಲ್ಲಿ ಬರೆದಿಡುತ್ತಾನೆ. ಭಾವೋದ್ರೇಕವೆಂಬುದು ಆ ಪುಟಗಳಲ್ಲಿಲ್ಲ. ಆದರೆ ನಾಯಿಗಳ ಹೆಸರುಗಳನ್ನು ನೋಡಿರಿ: ಸ್ವೀಟ್‌ಲಿಪ್ಸ್, ಟ್ರೂಲವ್, ಮ್ಯೂಸಿಕ್, ಟಿಪ್ಲರ್, ಡ್ರಂಕರ್ಡ್. ಜೇನುತುಟಿ, ನಿಜಪ್ರೇಮ, ಸಂಗೀತ, ಕುಡುಕ, ಮಹಾಕುಡುಕ! ತುಟಿ ಬಿಗಿದ ಆ ಗಂಭೀರ ಮುಖದ ಹಿಂದೆ ಇಂಥ ವಿನೋದವೂ ಇದ್ದಿತು. ಯಾವ ಹೆಣ್ಣುನಾಯಿ ಯಾವ ಗಂಡಿನೊಡನೆ ಕೂಡಿತು, ಎಷ್ಟು ಮರಿಗಳಾದವು, ತನಗೆ ಬೇಡವಾದ ಸಂಬಂಧ ಎಲ್ಲಿ ನಡೆದುಹೋಯಿತು ಎಂಬುದನ್ನೂ ಅವನು ದಾಖಲಿಸುತ್ತಿದ್ದನು. ಗುರುತಿನ ಮೊದಲ ರೂಪ ಲೋಹದ ಬಿಲ್ಲೆಯಲ್ಲ, ಹೀಗೆ ಒಬ್ಬನು ಗಮನವಿಟ್ಟು ಬರೆದಿಟ್ಟ ಮಾತು ಎಂದು ಈ ಪುಟಗಳನ್ನು ಓದಿದಾಗ ನನಗೆ ತೋರಿತು.

ಈ ಬೇಟೆಗಳಲ್ಲಿ ವಾಷಿಂಗ್ಟನ್ನನ ಜೊತೆಯಲ್ಲಿ ಸದಾ ಓಡುತ್ತಿದ್ದ ಇನ್ನೊಬ್ಬ ಮನುಷ್ಯನಿದ್ದನು. ಅವನ ಹೆಸರು ವಿಲಿಯಂ ಲೀ. 1768ರಲ್ಲಿ ವಾಷಿಂಗ್ಟನ್ ಅವನನ್ನು 61 ಪೌಂಡು 15 ಷಿಲಿಂಗಿಗೆ ಕೊಂಡುಕೊಂಡನು. ಹೌದು, ಕೊಂಡುಕೊಂಡನು, ಲೀ ಗುಲಾಮ. ಬೆನ್ನಿಗೆ ಬೇಟೆಯ ಕೊಂಬನ್ನು ಕಟ್ಟಿಕೊಂಡು, ಕುದುರೆಯ ಮೇಲೆ ಬಹುಮಟ್ಟಿಗೆ ಮಲಗಿದಂತೆ ಒರಗಿ, ಪೊದೆಗಳನ್ನು ಸೀಳಿಕೊಂಡು ನಾಯಿಗಳ ಹಿಂದೆಯೇ ನುಗ್ಗುತ್ತಿದ್ದ ಅವನ ಸಾಹಸವನ್ನು ಮಾರ್ತಾಳ ಮೊಮ್ಮಗನು ಮುಂದೆ ತನ್ನ ನೆನಪುಗಳಲ್ಲಿ ಬಣ್ಣಿಸಿದ್ದಾನೆ. ಕಳೆದುಹೋಗಬಹುದಾದ ನಾಯಿಯ ಹತ್ತಿರ ಎಲ್ಲರಿಗಿಂತ ಮೊದಲು ತಲಪುತ್ತಿದ್ದವನು ಅವನೇ. ಅವನನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಕಥೆಯ ಕೊನೆಯಲ್ಲಿ ಅವನು ಮತ್ತೆ ಬರುತ್ತಾನೆ.

1775ರಲ್ಲಿ ವಸಾಹತುಗಳು ಬ್ರಿಟಿಷ್ ಪ್ರಭುತ್ವದ ವಿರುದ್ಧ ಎದ್ದಾಗ ವಾಷಿಂಗ್ಟನ್ ದಂಡಿನ ಮುಖ್ಯ ಸೇನಾಪತಿಯಾದನು. ಎರಡು ವರ್ಷಗಳ ಅನಂತರ, 1777ರ ಸೆಪ್ಟೆಂಬರಿನಲ್ಲಿ, ಬ್ರಿಟಿಷ್ ಸೇನಾಪತಿ ವಿಲಿಯಂ ಹೌ ಫಿಲಡೆಲ್ಫಿಯ ನಗರವನ್ನು ಹಿಡಿದನು. ಅಕ್ಟೋಬರ್ 4ರ ಬೆಳಗಿನ ಜಾವ ವಾಷಿಂಗ್ಟನ್ ನಗರದ ಹೊರವಲಯದ ಜರ್ಮನ್‌ಟೌನಿನ ಮೇಲೆ ದಾಳಿಯಿಟ್ಟನು. ಮೊದಲು ಗೆಲುವು ಕೈಗೆಟುಕುವಂತೆ ಕಂಡಿತು. ಆದರೆ ಅಂದು ಮಂಜು ದಟ್ಟವಾಗಿ ಕವಿದಿದ್ದಿತು. ತೋಪುಗಳ ಹೊಗೆ ಅದರೊಡನೆ ಬೆರೆಯಿತು. ಯಾರು ತಮ್ಮವರು, ಯಾರು ಪರರು ಎಂದು ತಿಳಿಯದೆ ಅಮೆರಿಕದ ಎರಡು ತುಕಡಿಗಳು ಒಂದರ ಮೇಲೊಂದು ಗುಂಡು ಹಾರಿಸಿದುವು. ಗಾಬರಿ ಹಬ್ಬಿತು, ಸೈನ್ಯ ಹಿಮ್ಮೆಟ್ಟಿತು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ವಾಷಿಂಗ್ಟನ್ನನ ಕಡೆಯ ನಷ್ಟ ಸಾವಿರಕ್ಕೂ ಮೇಲಾಯಿತು.

ಆ ಗೊಂದಲದ ದಿನಗಳಲ್ಲಿ ಅವನ ಪಾಳೆಯಕ್ಕೆ ನಾಯಿಯೊಂದು ಬಂದು ಸೇರಿತು. ಅದು ಯಾವ ತಳಿಯದೆಂದು ಅಂದಿನ ಪತ್ರ ಹೇಳುವುದಿಲ್ಲ. ಕೊರಳಪಟ್ಟಿಯ ಮೇಲೆ ಮಾತ್ರ ಹೆಸರು ಸ್ಪಷ್ಟವಾಗಿದ್ದಿತು: ಅದು ಜನರಲ್ ಹೌನ ನಾಯಿ! ಶತ್ರುಸೇನಾಪತಿಯ ಪ್ರಿಯವಾದ ಪ್ರಾಣಿ ಸೋತವರ ಕೈಗೆ ಸಿಕ್ಕಿತ್ತು. ಅದನ್ನು ಇಟ್ಟುಕೊಂಡಿದ್ದರೂ ಕೊಂದಿದ್ದರೂ ಯುದ್ಧಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಅಕ್ಟೋಬರ್ 6ರಂದು ವಾಷಿಂಗ್ಟನ್ ಒಂದು ಕಿರುಪತ್ರವನ್ನು ಬರೆಸಿದನು. ಅದರ ಕರಡು ಅವನ ಸಹಾಯಕನಾಗಿದ್ದ ತರುಣ ಅಲೆಕ್ಸಾಂಡರ್ ಹ್ಯಾಮಿಲ್ಟನ್ನನ ಕೈಬರಹದಲ್ಲಿದೆ. ಆಕಸ್ಮಿಕವಾಗಿ ತನ್ನ ವಶಕ್ಕೆ ಬಂದ ನಾಯಿ ಕೊರಳಪಟ್ಟಿಯ ಬರಹದಿಂದ ಜನರಲ್ ಹೌಗೆ ಸೇರಿದುದೆಂದು ಕಾಣುತ್ತದೆಯಾಗಿ ಅದನ್ನು ಸಂತೋಷದಿಂದ ಹಿಂದಿರುಗಿಸುತ್ತಿದ್ದೇನೆ ಎಂಬುದಷ್ಟೇ ಅದರ ತಾತ್ಪರ್ಯ. ಅದೇ ದಿನ ಅದೇ ಹೌಗೆ ಅವನು ಇನ್ನೊಂದು ಪತ್ರವನ್ನೂ ಕಳುಹಿದನು. ಅದರಲ್ಲಿ ಸೌಜನ್ಯವಿಲ್ಲ, ಬ್ರಿಟಿಷ್ ಸೈನ್ಯ ಜನರ ಸ್ವತ್ತನ್ನು ಹಾಳುಗೆಡಹಿದುದರ ಬಗೆಗೆ ಕಟುವಾದ ಆಕ್ಷೇಪವಿದೆ. ಒಡೆಯನ ಮೇಲಿನ ಕೋಪವನ್ನು ಅವನು ನಾಯಿಯ ಮೇಲೆ ತೀರಿಸಿಕೊಳ್ಳಲಿಲ್ಲ. ಎರಡು ದಿನಗಳ ಹಿಂದೆ ಮಂಜಿನಲ್ಲಿ ಮನುಷ್ಯರು ಮನುಷ್ಯರನ್ನು ಗುರುತಿಸಲಾರದೆ ಸತ್ತರು. ನಾಯಿಯೊಂದು ಕೊರಳಿನ ಬರಹದಿಂದ ಮನೆ ಸೇರಿತು.

ಗುರುತಿನಿಂದ ನಾಯಿ ಉಳಿಯುತ್ತದೆಯೆನ್ನುವುದಕ್ಕೆ ಇದಕ್ಕಿಂತ ಅಂದವಾದ ನಿದರ್ಶನ ಬೇಕಿಲ್ಲ. ಆದರೆ ಆ ಕೊರಳಪಟ್ಟಿ ಮಾಡಿದ ಕೆಲಸ ಅರ್ಧ ಮಾತ್ರ. ಉಳಿದರ್ಧವನ್ನು ಮಾಡಿದವನು, ಅದನ್ನು ಓದಿದ ಮೇಲೆ ಏನು ಮಾಡಬೇಕೆಂದು ಬಲ್ಲ ಮನುಷ್ಯ.

ಯುದ್ಧ ಗೆದ್ದು ಊರಿಗೆ ಮರಳಿದ ವಾಷಿಂಗ್ಟನ್ನನಿಗೆ 1785ರಲ್ಲಿ ಫ್ರಾನ್ಸಿನ ಮಿತ್ರ ಲಫಾಯೆತ್ ಏಳು ಬೇಟೆನಾಯಿಗಳನ್ನು ಉಡುಗೊರೆಯಾಗಿ ಕಳುಹಿದನು. ಮೂರು ಗಂಡು, ನಾಲ್ಕು ಹೆಣ್ಣು. ಸಮುದ್ರದ ಮೇಲೆ ಅವುಗಳ ಹೊಣೆ ಹೊತ್ತವನು ಹದಿನೆಂಟರ ಯುವಕ ಜಾನ್ ಕ್ವಿನ್ಸಿ ಆಡಮ್ಸ್, ಮುಂದೆ ತಾನೂ ಅಧ್ಯಕ್ಷನಾದವನು. ಯುವಕನು ನ್ಯೂಯಾರ್ಕಿನಲ್ಲಿ ನಾಯಿಗಳನ್ನು ಒಪ್ಪಿಸಿ, ವಾಷಿಂಗ್ಟನ್ನನಿಗೆ ಒಂದು ಸಾಲನ್ನೂ ಬರೆಯದೆ ಮುಂದಕ್ಕೆ ಹೊರಟುಹೋದನು. ಇದರಿಂದ ವಾಷಿಂಗ್ಟನ್ನನಿಗೆ ಬೇಸರವಾಯಿತು. ಮಿತ್ರನೊಬ್ಬನಿಗೆ ಬರೆದ ಪತ್ರದಲ್ಲಿ ಅದನ್ನು ತೋಡಿಕೊಂಡನು. ನಾಯಿಗಳ ಬೆಲೆಗಿಂತ ಅವುಗಳ ಸುದ್ದಿಯಿಲ್ಲದುದು ಅವನನ್ನು ಕಾಡಿತು. ಎಲ್ಲಿವೆ, ಯಾರ ಬಳಿಯಲ್ಲಿವೆ, ಹೇಗಿವೆ? ನಾಯಿಯ ಕ್ಷೇಮ ಎಷ್ಟೋ ಸಲ ಇಂಥ ಒಂದು ಸಾಲಿನ ಬರಹದಲ್ಲಿರುತ್ತದೆಂಬುದನ್ನು ಬಲ್ಲವನು ಅವನು. ಆಗಸ್ಟ್ 24ರಂದು ಏಳೂ ನಾಯಿಗಳು ಮೌಂಟ್ ವೆರ್ನನ್ನಿಗೆ ಬಂದು ತಲಪಿದುವು. ಅವನ ಬಳಿಯಿದ್ದ ಫ್ರೆಂಚ್ ನಾಯಿಗಳಲ್ಲಿ ವಲ್ಕನ್ ಎಂಬುದು ಎಷ್ಟು ದೊಡ್ಡದೆಂದರೆ ಮಾರ್ತಾಳ ಮೊಮ್ಮಗನು ಬಾಲಕನಾಗಿದ್ದಾಗ ಅದರ ಬೆನ್ನೇರಿ ಸವಾರಿ ಮಾಡುತ್ತಿದ್ದನಂತೆ. ಅತಿಥಿಗಳು ಊಟಕ್ಕೆ ಕುಳಿತ ದಿನ ಅದು ಅಡುಗೆಮನೆಗೆ ನುಗ್ಗಿ ಹಂದಿಯ ತೊಡೆಮಾಂಸವನ್ನು ಕಚ್ಚಿಕೊಂಡು ಓಡಿತೆಂದೂ, ಮಾರ್ತಾ ಕೋಪಗೊಂಡಳೆಂದೂ, ವಾಷಿಂಗ್ಟನ್ ಮನಸಾರ ನಕ್ಕನೆಂದೂ ಅದೇ ಮೊಮ್ಮಗನು ಬರೆದಿದ್ದಾನೆ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಮಧುರವಾಗಿರುತ್ತದೆ. ಆದರೆ ಚರಿತ್ರೆಯನ್ನು ಅರ್ಧ ಓದಿ ಪುಸ್ತಕ ಮುಚ್ಚುವುದು ಉಪಾಧ್ಯಾಯನಿಗೆ ತಕ್ಕುದಲ್ಲ.

1792ರ ಡಿಸೆಂಬರಿನಲ್ಲಿ, ಅಧ್ಯಕ್ಷನಾಗಿ ಫಿಲಡೆಲ್ಫಿಯದಲ್ಲಿದ್ದ ವಾಷಿಂಗ್ಟನ್ ತನ್ನ ಜಮೀನಿನ ಪಾರುಪತ್ತೆಗಾರನಿಗೆ ಪತ್ರವೊಂದನ್ನು ಬರೆದನು. ನಾಯಿಗಳಿಂದ ಕುರಿಗಳು ಸತ್ತಿದ್ದುವು. ಜಮೀನಿನ ಗುಲಾಮರು ಸಾಕಿದ ನಾಯಿಗಳಲ್ಲಿ ಯಾವುವು ಇರಬೇಕೆಂದು ಗೊತ್ತುಮಾಡಿ ಉಳಿದವನ್ನು ಕೊಲ್ಲಿಸಬೇಕು. ಆ ಮೇಲೂ ಯಾವನಾದರೂ ನಾಯಿಯನ್ನು ಇಟ್ಟುಕೊಂಡರೆ ಅವನನ್ನು ಕಠಿನವಾಗಿ ದಂಡಿಸಿ ನಾಯಿಯನ್ನು ನೇಣು ಹಾಕಬೇಕೆಂಬುದು ಅವನ ಆಜ್ಞೆ. ಜೇನುತುಟಿ, ನಿಜಪ್ರೇಮ ಎಂದು ನಾಯಿಗಳನ್ನು ಕರೆದವನ ಲೇಖನಿಯೇ ಇದನ್ನೂ ಬರೆಯಿತು. ಆ ನಾಯಿಗಳಿಗೂ ಒಡೆಯರಿದ್ದರು. ಗುಡಿಸಿಲ ಬಾಗಿಲಲ್ಲಿ ಅವನ್ನು ಹೆಸರು ಹಿಡಿದು ಕರೆಯುವವರಿದ್ದರು. ಆದರೆ ಅವರ ಹೆಸರಿಗೆ ಕಾನೂನಿನಲ್ಲಿ ಬೆಲೆಯಿರಲಿಲ್ಲ. ಜನರಲ್ ಹೌನ ಹೆಸರು ಹೊತ್ತ ನಾಯಿ ಯುದ್ಧದ ನಡುವೆ ಬದುಕಿತು. ಗುಲಾಮನ ನಾಯಿ ಶಾಂತಿಕಾಲದಲ್ಲಿ ಸತ್ತಿತು.

ಇನ್ನೂ ಹಿಂದಕ್ಕೆ ನೋಡಬೇಕು. 1761ರಲ್ಲಿ ಅವನ ಜಮೀನಿನಿಂದ ನಾಲ್ವರು ಗುಲಾಮರು ತಪ್ಪಿಸಿಕೊಂಡರು. ಅವರನ್ನು ಹಿಡಿದುಕೊಟ್ಟವರಿಗೆ ಬಹುಮಾನವುಂಟೆಂದು ವಾಷಿಂಗ್ಟನ್ ಪತ್ರಿಕೆಯಲ್ಲಿ ಪ್ರಕಟಿಸಿದ ಜಾಹೀರಾತಿನಲ್ಲಿ ಅವರ ಎತ್ತರ, ಮೈಬಣ್ಣ, ಮಾತಿನ ರೀತಿ, ಉಡುಪುಗಳ ವಿವರವಿದೆ. ಅವರಲ್ಲೊಬ್ಬನ ಎರಡು ಕೆನ್ನೆಗಳ ಮೇಲೂ ಆಫ್ರಿಕದ ತನ್ನ ನಾಡಿನಲ್ಲಿ ಪಡೆದ ಗೀರುಗುರುತುಗಳಿದ್ದುವೆಂದು ಹೇಳಿದೆ. ಆ ಗೀರುಗಳನ್ನು ಅವನ ಜನರು ಅವನು ತಮ್ಮವನೆಂಬುದಕ್ಕಾಗಿ ಇಟ್ಟಿದ್ದರು. ಇಲ್ಲಿ ಅವೇ ಅವನನ್ನು ಹಿಡಿದುಕೊಡುವ ಸಾಧನವಾದುವು. 1796ರಲ್ಲಿ ಮಾರ್ತಾಳ ಸೇವೆಯಲ್ಲಿದ್ದ ಓನಾ ಜಡ್ಜ್ ಎಂಬ ತರುಣಿ ಅಧ್ಯಕ್ಷನ ಮನೆಯಿಂದಲೇ ಹೊರಟುಹೋದಾಗಲೂ ಮುಖದ ಮಚ್ಚೆ, ಕಣ್ಣು, ಕೂದಲುಗಳನ್ನು ವರ್ಣಿಸಿ ಜಾಹೀರಾತು ಹೊರಟಿತು. ಆಕೆ ಸಿಕ್ಕಲಿಲ್ಲ. ಉತ್ತರದ ನ್ಯೂಹ್ಯಾಂಪ್‌ಷೈರಿನಲ್ಲಿ ಬಡತನದಲ್ಲಿ, ಆದರೆ ತನ್ನ ಇಚ್ಛೆಯಂತೆ ಬಾಳಿ, 1848ರಲ್ಲಿ ತೀರಿಕೊಂಡಳು. ಗುರುತು ನಾಯಿಯನ್ನು ಮನೆಗೆ ಸೇರಿಸಿತು. ಮನುಷ್ಯನನ್ನು ಸೆರೆಗೆ ತಳ್ಳಲು ಹೊರಟಿತು. ಅದು ಕಾಯುವುದೋ ಕಟ್ಟಿಹಾಕುವುದೋ ಎಂಬುದು ಗುರುತಿನಲ್ಲಿಲ್ಲ. ಅದರ ಆಚೆಯ ತುದಿಯಲ್ಲಿ ನಿಂತವನ ಧರ್ಮದಲ್ಲಿದೆ.

ಈ ಮಾತು ವಾಷಿಂಗ್ಟನ್ನನಿಗೂ ಕೊನೆಗೆ ತಟ್ಟಿತೆಂದು ನಂಬಲು ಕಾರಣವಿದೆ. 1799ರ ಜುಲೈನಲ್ಲಿ ಬರೆದ ಉಯಿಲಿನಲ್ಲಿ, ತನಗೆ ಸೇರಿದ 123 ಗುಲಾಮರು ಮಾರ್ತಾಳ ಮರಣಾನಂತರ ಸ್ವತಂತ್ರರಾಗಬೇಕೆಂದು ವಿಧಿಸಿದನು. ಒಬ್ಬನಿಗೆ ಮಾತ್ರ ಆ ಕಾಯುವಿಕೆಯೂ ಇರಲಿಲ್ಲ. ಅವನೇ ವಿಲಿಯಂ ಲೀ. ಎರಡೂ ಮೊಣಕಾಲುಗಳು ಮುರಿದು, ಕುದುರೆಯೇರಲಾರದೆ, ಚಮ್ಮಾರಿಕೆ ಮಾಡುತ್ತ ಕುಳಿತಿದ್ದ ಆ ಹಳೆಯ ಬೇಟೆಗಾರನಿಗೆ ತತ್‌ಕ್ಷಣದ ಸ್ವಾತಂತ್ರ್ಯವನ್ನೂ ಬಾಳಿರುವವರೆಗೆ ವರ್ಷಕ್ಕೆ 30 ಡಾಲರುಗಳನ್ನೂ ಕೊಟ್ಟನು. ಆ ವರ್ಷದ ಡಿಸೆಂಬರ್ 14ರಂದು ವಾಷಿಂಗ್ಟನ್ ಕಾಲವಾದನು. ಮಾರ್ತಾ ಉಳಿದವರನ್ನು 1801ರ ಮೊದಲ ದಿನವೇ ಬಿಡುಗಡೆ ಮಾಡಿದಳು. ಆದರೆ ಆಕೆಯ ಮೊದಲ ಗಂಡನ ಆಸ್ತಿಗೆ ಸೇರಿದ್ದ ಗುಲಾಮರಿಗೆ ಆ ಭಾಗ್ಯವಿರಲಿಲ್ಲ.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ಹೌನ ನಾಯಿಯ ಕೊರಳಪಟ್ಟಿ ಇಂದು ಹಲವು ರೂಪಗಳನ್ನು ತಾಳಿದೆ. ಹೆಸರು ಕೊರೆದ ಹಿತ್ತಾಳೆಯ ಫಲಕ ಈಗಲೂ ಇದೆ. ದಾರಿಯಲ್ಲಿ ಹೋಗುವವನೂ ಅದನ್ನು ಓದಬಲ್ಲನೆಂಬುದು ಅದರ ಗುಣ, ಪೊದೆಗೆ ಸಿಕ್ಕಿ ಕಳಚುವುದೂ ಕಳ್ಳನ ಕತ್ತರಿಗೆ ಎದುರಾಡದಿರುವುದೂ ಅದರ ದೋಷ. ಕಿವಿಯೊಳಗೆ ಹಚ್ಚೆ ಹಾಕುವುದುಂಟು; ಅದು ಕಳಚುವುದಿಲ್ಲ, ಆದರೆ ವರ್ಷಗಳು ಕಳೆದಂತೆ ಮಸುಕಾಗುತ್ತದೆ. ಉಪಗ್ರಹಗಳ ಸಂಕೇತವನ್ನು ಹಿಡಿಯುವ ಕೊರಳಪಟ್ಟಿಗಳನ್ನು ಅಮೆರಿಕದ ಬೇಟೆಗಾರರು ಈಗ ಬಳಸುತ್ತಾರೆ. ನಾಯಿ ಇರುವ ಎಡೆಯನ್ನು ಅದೊಂದೇ ತೋರಬಲ್ಲುದು, ವಿದ್ಯುತ್ಕೋಶ ಮುಗಿಯುವವರೆಗೆ. ಮೈಕ್ರೋಚಿಪ್ಪಿಗೆ ವಿದ್ಯುತ್ಕೋಶವಿಲ್ಲ. ಓದುವ ಯಂತ್ರವನ್ನು ಹತ್ತಿರ ಹಿಡಿದಾಗ ಅದರ ರೇಡಿಯೋ ಅಲೆಯಿಂದಲೇ ಎಚ್ಚತ್ತು ತನ್ನ ಸಂಖ್ಯೆಯನ್ನು ಮಾತ್ರ ಹೇಳಿ ಮತ್ತೆ ಮೌನ ತಾಳುತ್ತದೆ. ಒಡೆಯನ ಹೆಸರು ಅದರಲ್ಲಿಲ್ಲ. ಎಲ್ಲಿಯೋ ದೂರದ ನೋಂದಣಿಯ ಪುಸ್ತಕದಲ್ಲಿದೆ.

ಫಲವುಂಟೇ? ಉಂಟು. ಅಮೆರಿಕದ 53 ಪ್ರಾಣಿ ಆಶ್ರಯಾಲಯಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ಅಲ್ಲಿಗೆ ಬಂದ ಬೀದಿಪಾಲಾದ ನಾಯಿಗಳಲ್ಲಿ ಒಟ್ಟಾರೆ ನೂರಕ್ಕೆ 22 ಮಾತ್ರ ಒಡೆಯರನ್ನು ಮರಳಿ ಸೇರಿದರೆ, ಚಿಪ್ ಇದ್ದವುಗಳಲ್ಲಿ ನೂರಕ್ಕೆ 52 ಸೇರಿದುವು. ಚಿಪ್ ಇದ್ದೂ ಒಡೆಯನು ಸಿಗದುದಕ್ಕೆ ಮುಖ್ಯವಾದ ಕಾರಣ ಯಂತ್ರದ ದೋಷವಲ್ಲ. ನೋಂದಣಿಯಲ್ಲಿದ್ದ ದೂರವಾಣಿಯ ಸಂಖ್ಯೆ ತಪ್ಪಾಗಿರುವುದು, ಇಲ್ಲವೆ ನಿಂತುಹೋಗಿರುವುದು.

ಇದರ ಇನ್ನೊಂದು ಮುಖವನ್ನು ಸ್ಪೇನಿನಲ್ಲಿ ಕಾಣಬಹುದು. ಅಲ್ಲಿಯ ಗಾಲ್ಗೋ ಎಂಬ ಬೇಟೆನಾಯಿ ನೋಡಲು ನಮ್ಮ ಮುಧೋಳದ ನಾಯಿಯ ಸೋದರನಂತಿದೆ. ಬೇಟೆಯ ಕಾಲ ಮುಗಿದೊಡನೆ ಓಟದಲ್ಲಿ ಹಿಂದುಳಿದವನ್ನು ಬೀದಿಗೆ ಬಿಡುವ ಕೆಟ್ಟ ರೂಢಿ ಅಲ್ಲಿದೆ. ಹಾಗೆ ಬಿಡುವ ಮುನ್ನ ಕೆಲವರು ನಾಯಿಯ ಕೊರಳನ್ನು ಕೊಯ್ದು ಚಿಪ್ಪನ್ನು ತೆಗೆದುಹಾಕುತ್ತಾರೆ. ನಾಯಿ ಮನೆಗೆ ಮರಳೀತೆಂಬ ಭಯದಿಂದಲ್ಲ, ತಮ್ಮ ಹೆಸರು ಹೊರಬಿದ್ದೀತೆಂಬ ಭಯದಿಂದ. 2023ರಲ್ಲಿ ಸ್ಪೇನ್ ಮಾಡಿದ ಪ್ರಾಣಿಕಲ್ಯಾಣದ ಶಾಸನದ ವ್ಯಾಪ್ತಿಯಿಂದ ಬೇಟೆನಾಯಿಗಳನ್ನೇ ಹೊರಗಿಟ್ಟರು. ಆದರೂ ಆ ಗಾಯವೇ ಒಂದು ಸತ್ಯವನ್ನು ಹೇಳುತ್ತದೆ: ಚಿಪ್ ನಾಯಿಯ ಗುರುತಲ್ಲ, ಒಡೆಯನ ಗುರುತು. ನಾಯಿಗೆ ತಾನು ಯಾರೆಂದು ಗೊತ್ತಿದೆ. ಅದಕ್ಕೆ ಹೊಣೆ ಯಾರೆಂಬುದು ಲೋಕಕ್ಕೆ ಗೊತ್ತಾಗಬೇಕಾಗಿದೆ. ಹೊಣೆಯನ್ನು ಒಪ್ಪಿದವನಿಗೆ ಅದು ಸಹಾಯ. ಒಪ್ಪದವನಿಗೆ ಅದು ಸಾಕ್ಷಿ.

ಇಷ್ಟನ್ನು ಯೋಚಿಸಿದ ಮೇಲೆ ನಾನು ಪೆಟ್ಟಿಗೆಯನ್ನು ತೆರೆದು ಆ ಹಳೆಯ ಕಾಗದವನ್ನು ಹುಡುಕಿದೆ. ಸಿಕ್ಕಿತು. ಅದರಲ್ಲಿದ್ದುದು ನಾವು ಬಿಟ್ಟುಬಂದ ಮನೆಯ ವಿಳಾಸ. ದೂರವಾಣಿಯ ಸಂಖ್ಯೆಯೂ ನಾನು ಎಂದೋ ತೊರೆದದ್ದು. ಇಷ್ಟು ವರ್ಷ ನನ್ನ ನಾಯಿ, ಯಾರೂ ಇಲ್ಲದ ಮನೆಯ ಹೆಸರನ್ನು ಹೊತ್ತು ನನ್ನ ಕಾಲ ಬಳಿಯಲ್ಲಿ ಮಲಗಿದ್ದಿತು! ಮರುದಿನ ಬೆಳಿಗ್ಗೆ ನೋಂದಣಿಯವರಿಗೆ ಹೊಸ ವಿಳಾಸವನ್ನೂ ಸಂಖ್ಯೆಯನ್ನೂ ಬರೆದು ಕಳುಹಿದೆ. ಮುಂದಿನ ಸಲ ನನ್ನ ವಿದ್ಯಾರ್ಥಿ ಬಂದಾಗ ಅವನಿಗೆ ಕೊಡಬೇಕಾದ ಉತ್ತರ ಈಗ ನನ್ನಲ್ಲಿದೆ. ಆ ಕಾಳು ನಾಯಿಯನ್ನು ಕಾಯುವುದಿಲ್ಲ. ಕಾಯಬೇಕಾದವನು ಯಾರೆಂಬುದನ್ನು ಮಾತ್ರ ಅದು ಮರೆಯದೆ ಹೇಳುತ್ತದೆ.